ಎಲ್ಲದಕ್ಕೂ ‘ಇಲ್ಲ’ ಎಂದು ಬರೆದ ಅರ್ಜಿ

ಅರ್ಜಿ ತುಂಬುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಭ್ರಮೆ ನನಗೆ ಹದಿನಾರನೇ ವಯಸ್ಸಿನಿಂದಲೂ ಇದೆ. ಧಾರವಾಡದ ನಮ್ಮ ಓಣಿಯಲ್ಲಿ ಯಾರಿಗೆ ಕಾಲೇಜು ಸೀಟು ಬೇಕಾದರೂ, ಯಾರಿಗೆ ರೇಷನ್ ಕಾರ್ಡ್ ಬೇಕಾದರೂ ಕರಿ ಪೆನ್ನು ಹಿಡಿದು ನಾನು ಹಾಜರು. ನನ್ನ ಗುರು ನಮ್ಮಪ್ಪ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅವರು ಜೀವಮಾನವಿಡೀ ಜನರ ಅರ್ಜಿಗಳನ್ನು ಓದಿ, ಅದರಲ್ಲಿ ಅರ್ಧದಷ್ಟನ್ನು ವಾಪಸ್ ಕಳಿಸಿದವರು. ನನಗೆ ಕಲಿಸಿದ್ದು ಒಂದೇ ಸೂತ್ರ. “ರೋಗ ಐತೇನು ಅಂತ ಕೇಳಿದ್ರ ಇಲ್ಲ ಅನ್ನು. ಕೇಸ್ ಐತೇನು ಅಂದ್ರ ಇಲ್ಲ ಅನ್ನು. ಕೇಳಲಿಲ್ಲ ಅಂದ್ರ ಬಾಯಿ ಮುಚ್ಕೊಂಡು ಸಹಿ ಮಾಡು.” ಈ ಸೂತ್ರ ಹಿಡಿದುಕೊಂಡೇ ನಾನು ಧಾರವಾಡದಿಂದ ಬೆಂಗಳೂರಿಗೆ, ಅಲ್ಲಿಂದ ಸ್ವೀಡನ್ನಿಗೆ ಬಂದೆ. ವೀಸಾ, ವರ್ಕ್ ಪರ್ಮಿಟ್, ಮನೆ ಬಾಡಿಗೆ, ಕಡೆಗೆ ಪೌರತ್ವ, ಎಲ್ಲ ಅರ್ಜಿಯನ್ನೂ ಇದೇ ಕೈ ತುಂಬಿತು. ಹೀಗಾಗಿ ಮಗಳ ಹೆಸರಿಗೆ ಸೈನ್ಯದವರ ಪತ್ರ ಬಂದ ದಿನ ಎದೆ ನಡುಗುವುದಕ್ಕಿಂತ ಮೊದಲು ನನ್ನ ಕೈ ತುರಿಸಿತು.

ಇಲ್ಲಿ ಹದಿನೆಂಟು ತುಂಬುವ ಹೊತ್ತಿಗೆ ಗಂಡು ಹೆಣ್ಣೆನ್ನದೆ ದೇಶದ ಪ್ರಜೆಗಳಿಗೆಲ್ಲ ಅಂಥದೊಂದು ಪತ್ರ ಬರುತ್ತದೆ. ಕಂಪ್ಯೂಟರಿನಲ್ಲಿ ಉದ್ದನೆಯ ಪ್ರಶ್ನಾವಳಿ ತುಂಬಬೇಕು. ಅದನ್ನು ನೋಡಿ ಕೆಲವರನ್ನಷ್ಟೇ ಒಂದು ದಿನದ ಪರೀಕ್ಷೆಗೆ ಕರೆಯುತ್ತಾರೆ. ಅದಕ್ಕೆ ಮೊನ್ಸ್ಟ್ರಿಂಗ್ ಎಂದು ಹೆಸರು. ಅದರಲ್ಲಿ ಪಾಸಾದರೆ ಸೈನಿಕ ತರಬೇತಿ, ಅದು ಮುಗಿದ ಮೇಲೆ ಬೇಕಾದವರು ಆಫೀಸರ್ ಅಕಾಡೆಮಿಗೆ ಅರ್ಜಿ ಹಾಕಬಹುದು. ಕರೆಯದಿದ್ದರೆ ಸಾಕಪ್ಪ ಎಂದು ಕಾಯುವ ಮಕ್ಕಳೂ ಇದ್ದಾರೆ. ನಮ್ಮವಳು ಹಾಗಲ್ಲ. ಪತ್ರ ಓದಿ ಮಡಚಿ, ಊಟದ ಮೇಜಿನ ಮೇಲಿಟ್ಟು, “ನಂಗೆ ಹೋಗ್ಬೇಕು. ನಾನು ಆಫೀಸರ್ ಆಗ್ತೀನಿ,” ಎಂದಳು.

“ಇವಳಪ್ಪ ಐಸ್ ಮೇಲೆ ನಡೆಯೋಕೆ ನನ್ನ ಕೈ ಹಿಡ್ಕೋತಾರೆ. ಇವಳು ಎಲ್ಲಿಂದ ಹುಟ್ಟಿದ್ಲೋ!” ಎಂದಳು ನನ್ನ ಹೆಂಡತಿ. ಅವಳು ಬೆಂಗಳೂರಿನವಳು, ಇಲ್ಲಿಯ ಒಂದು ದಾಗಿಸ್‌ನಲ್ಲಿ, ಅಂದರೆ ಚಿಕ್ಕ ಮಕ್ಕಳ ಶಾಲೆಯಲ್ಲಿ, ಕೆಲಸ ಮಾಡುತ್ತಾಳೆ. ದಿನವಿಡೀ ಮೂರು ವರ್ಷದವರನ್ನು ಸಂಭಾಳಿಸಿ ಬರುವುದರಿಂದ ನನ್ನನ್ನು ಸಂಭಾಳಿಸುವುದು ಅವಳಿಗೆ ಹೆಚ್ಚಿನ ಕಷ್ಟವಲ್ಲ.

ಆದರೆ ಆ ದಿನ ಅವಳ ಮಾತು ನನಗೆ ಚುಚ್ಚಿತು. ಕಾರಣವಿತ್ತು. ಡಿಗ್ರಿ ಮುಗಿದ ಮೇಲೆ ನಾನೂ ಒಮ್ಮೆ ಸೇನೆಯ ಅಧಿಕಾರಿಯಾಗಲು ಆಯ್ಕೆ ಪರೀಕ್ಷೆಗೆ ಹೋಗಿದ್ದೆ. ಐದು ದಿನದ ಪರೀಕ್ಷೆ. ಐದು ದಿನಕ್ಕಾಗುವಷ್ಟು ಬನಿಯನ್, ಅಕ್ಕ ಕಟ್ಟಿಕೊಟ್ಟ ಎರಡು ಡಬ್ಬಿ ಶೇಂಗಾ ಉಂಡಿ ಹೊತ್ತು ಹೋದವನನ್ನು ಅವರು ಮೊದಲ ದಿನ ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಮನೆಗೆ ಕಳಿಸಿದರು. ಚಿತ್ರ ನೋಡಿ ಕಥೆ ಬರೆಯಿರಿ ಎಂದಿದ್ದರು. ನಾನು ಬರೆದದ್ದು ಅವರಿಗೆ ಹಿಡಿಸಲಿಲ್ಲ. ಉಂಡಿ ಡಬ್ಬಿ ತೆರೆದೂ ಇರಲಿಲ್ಲ. ಓಣಿಯವರಿಗೆ ಏನು ಹೇಳುವುದು? “ಎಲ್ಲಾ ಪಾಸಾಗಿತ್ತು, ಕಣ್ಣಿನ ಮ್ಯಾಲೆ ಹೋತು,” ಎಂದೆ. ಸುಳ್ಳು ನಿಲ್ಲಬೇಕಲ್ಲ, ಅದಕ್ಕೆ ಹುಬ್ಬಳ್ಳಿಗೆ ಹೋಗಿ ನಂಬರಿಲ್ಲದ ಕನ್ನಡಕ ತಂದು ಎರಡು ವರ್ಷ ಹಾಕಿಕೊಂಡು ತಿರುಗಿದೆ. ಎರಡು ವರ್ಷ ಕಳೆಯುವಷ್ಟರಲ್ಲಿ ಕಣ್ಣು ನಿಜವಾಗಿಯೂ ಮಂಜಾಯಿತು. ದೇವರು ಇದ್ದಾನೆ ಎಂದು ನಾನು ನಂಬುವುದು ಇಂಥ ಸಂದರ್ಭಗಳಲ್ಲಿ ಮಾತ್ರ.

ಇಷ್ಟು ಅನುಭವವಿರುವ ತಂದೆ ಮಗಳನ್ನು ಅನಾಥೆಯ ಹಾಗೆ ಪರೀಕ್ಷೆಗೆ ಕಳಿಸಲು ಸಾಧ್ಯವೆ? ನಮ್ಮ ಅಡುಗೆಮನೆ ಮರುದಿನದಿಂದಲೇ ಕೋಚಿಂಗ್ ಸೆಂಟರ್ ಆಯಿತು. ಸೋಡರ್‌ಟೆಲ್ಯೆಯ ಲಾರಿ ಕಾರ್ಖಾನೆಯಲ್ಲಿ ಬ್ರೇಕುಗಳ ಲೆಕ್ಕ ನೋಡುವ ನಾನು ಸಂಜೆ ಮನೆಗೆ ಬಂದು ಮನಶ್ಶಾಸ್ತ್ರಜ್ಞನಾಗುತ್ತಿದ್ದೆ. ಟೈ ಕಟ್ಟಿಕೊಂಡು ಮೇಜಿನ ಆಚೆ ಕೂತು, “ನೀವು ಯಾಕೆ ಸೈನ್ಯಕ್ಕೆ ಸೇರಬೇಕು ಅಂತೀರಿ?” ಎಂದು ಗಡಸು ದನಿಯಲ್ಲಿ ಕೇಳುತ್ತಿದ್ದೆ.

“ಕಾಡಲ್ಲಿ ಇರೋದು ಇಷ್ಟ. ನಕ್ಷೆ ಓದೋದು ಇಷ್ಟ. ಟೀಮಲ್ಲಿ ಕೆಲಸ ಮಾಡೋದು ಇಷ್ಟ.”

“ದೇಶಸೇವೆ ಅನ್ನು.”

“ಅಪ್ಪಾ, ಹಾಗೆಲ್ಲ ಯಾರೂ ಮಾತಾಡಲ್ಲ.”

“ಅದಕ್ಕೇ ನೀನು ಮಾತಾಡು. ಎದ್ದು ಕಾಣ್ತೀಯ.”

ಶನಿವಾರಗಳಂದು ಓಟದ ತರಬೇತಿ. ಅವಳು ಕಾಡಿನಲ್ಲಿ ನಕ್ಷೆ, ದಿಕ್ಸೂಚಿ ಹಿಡಿದು ಓಡುವ ಕ್ಲಬ್ಬಿನಲ್ಲಿ ಮೂರು ವರ್ಷದಿಂದ ಇದ್ದವಳು. ಅವಳಿಗೆ ಓಟ ಹೇಳಿಕೊಡಲು ನಾನು ಹೊಸ ಬೂಟು, ಫಳಫಳ ಹೊಳೆಯುವ ಹಳದಿ ಜಾಕೀಟು ತೊಟ್ಟು ಹೊರಟೆ. ಎರಡನೇ ಶನಿವಾರ ದಾರಿ ತಪ್ಪಿದೆ. ಮನೆಯಿಂದ ಎರಡು ಬಸ್ ಸ್ಟಾಪು ದೂರದ ಕಾಡು ಅದು. ಅವಳೇ ಬಂದು ಹುಡುಕಿ ಕರೆದುಕೊಂಡು ಬಂದಳು. ಮೂರನೇ ಶನಿವಾರದಿಂದ ನನಗೆ ಮಂಡಿ ನೋವು ಶುರುವಾಯಿತು ಎಂದು ಘೋಷಿಸಿದೆ.

ಪ್ರಶ್ನಾವಳಿ ತುಂಬಲು ಕೂತದ್ದು ಒಂದು ಭಾನುವಾರ ಬೆಳಿಗ್ಗೆ. ಲ್ಯಾಪ್‌ಟಾಪ್ ಅವಳ ಮುಂದೆ, ನಾನು ಪಕ್ಕದ ಕುರ್ಚಿಯಲ್ಲಿ. ನಿದ್ದೆ ಹೇಗೆ ಬರುತ್ತದೆ, ಗೆಳೆಯರಿದ್ದಾರೆಯೇ, ಬೇರೆಯವರು ಹೇಳಿದ ಹಾಗೆ ಕೇಳುವುದು ಕಷ್ಟವೇ ಎಂದೆಲ್ಲ ಇತ್ತು. ಕಡೆಯ ಪ್ರಶ್ನೆಗೆ “ಕಷ್ಟವೇ ಇಲ್ಲ ಅಂತ ಹಾಕು,” ಎಂದೆ. ಅವಳು ನನ್ನನ್ನೇ ನೋಡಿ “ಸ್ವಲ್ಪ ಕಷ್ಟ” ಎಂಬುದನ್ನು ಒತ್ತಿದಳು. ಹೋಗಲಿ ಎಂದು ಬಿಟ್ಟೆ.

ಆಮೇಲೆ ಆ ಪ್ರಶ್ನೆ ಬಂತು. ಮನಸ್ಸಿನ ತೊಂದರೆಗಾಗಿ ನೀವು ಯಾವಾಗಲಾದರೂ ಸಹಾಯ ಪಡೆದಿದ್ದೀರಾ? ಅವಳು ಹಿಂದೆಮುಂದೆ ನೋಡದೆ “ಹೌದು” ಒತ್ತಿ ಕೆಳಗೆ ಬರೆಯತೊಡಗಿದಳು.

“ತಡಿ ತಡಿ!” ಎಂದೆ.

ಇಲ್ಲಿ ನಾಲ್ಕು ವರ್ಷ ಹಿಂದಕ್ಕೆ ಹೋಗಬೇಕು. ನಾವು ಮೊದಲು ಉತ್ತರದ ಲುಲೆಯೊದಲ್ಲಿದ್ದೆವು. ಅವಳಿಗೆ ಹದಿನಾಲ್ಕಾದಾಗ ನನಗೆ ಇಲ್ಲಿ ಒಳ್ಳೆಯ ಕೆಲಸ ಸಿಕ್ಕಿತು. ಗೆಳತಿಯರನ್ನೆಲ್ಲ ಅಲ್ಲೇ ಬಿಟ್ಟು ಬಂದ ಹುಡುಗಿ ಆ ಚಳಿಗಾಲ ಮಂಕಾದಳು. ಊಟ ಬಿಟ್ಟಳು, ಹಾಸಿಗೆ ಬಿಟ್ಟು ಏಳಲಿಲ್ಲ, ಆರು ವಾರ ಶಾಲೆಗೆ ಹೋಗಲಿಲ್ಲ. ಶಾಲೆಯ ಕೌನ್ಸೆಲರ್ ಬಳಿಗೆ ವಾರಕ್ಕೆರಡು ಸಲ ಕರೆದುಕೊಂಡು ಹೋಗುತ್ತಿದ್ದವಳು ನನ್ನ ಹೆಂಡತಿ. ನಾನು ಕಾರಿನಲ್ಲಿ ಕೂತಿರುತ್ತಿದ್ದೆ. ಬೇಸಿಗೆ ಹೊತ್ತಿಗೆ ಚೇತರಿಸಿಕೊಂಡಳು, ಓಟದ ಕ್ಲಬ್ಬಿಗೆ ಸೇರಿದಳು, ಮತ್ತೆ ನಗತೊಡಗಿದಳು. ನಾವು ಆ ವಿಷಯ ಎತ್ತಲೇ ಇಲ್ಲ. ಧಾರವಾಡಕ್ಕೆ ಫೋನ್ ಮಾಡಿದಾಗ ಅಕ್ಕ “ಹುಡುಗಿ ಯಾಕ ಮಾತಾಡವಲ್ಲಳು?” ಎಂದು ಕೇಳಿದ್ದಕ್ಕೆ “ಟೈಫಾಯ್ಡ್” ಎಂದಿದ್ದೆ. ಹೆಂಡತಿ ಪಕ್ಕದಲ್ಲೇ ಇದ್ದಳು. ಫೋನ್ ಇಟ್ಟ ಮೇಲೆ “ಬಾಯಿಗೆ ಬಂದಿದ್ದು ಹೇಳ್ತೀರಲ್ರೀ,” ಎಂದಷ್ಟೇ ಹೇಳಿ ಒಳಗೆ ಹೋಗಿದ್ದಳು.

“ಟೀಚರ್ ಥರದವರ ಜೊತೆ ಕೂತು ನಾಲ್ಕು ಮಾತಾಡಿದ್ದು ಅಷ್ಟೇ. ಅದಕ್ಕೆಲ್ಲ ಹೌದು ಅಂತಾರಾ?” ಎಂದೆ ಮಗಳಿಗೆ.

“ಸಹಾಯ ತಗೊಂಡಿದ್ದೀರಾ ಅಂತ ಕೇಳಿದಾರೆ. ತಗೊಂಡಿದೀನಿ. ನಿಜ ಬರೀಬೇಕು ಅಂತ ಕಾನೂನಿದೆ, ನೋಡು, ಇಲ್ಲೇ ಬರೆದಿದೆ.”

“ಎಲ್ಲಾ ಫಾರ್ಮಲ್ಲೂ ಹಾಗೇ ಬರೆದಿರ್ತಾರೆ. ನಾನು ಮೂವತ್ತು ವರ್ಷದಿಂದ ಫಾರ್ಮ್ ತುಂಬ್ತಿದೀನಿ, ನನಗೆ ಗೊತ್ತಿಲ್ವಾ?”

“ಮೆನ್ ಅಪ್ಪಾ,” ಎಂದಳು. ಆದರೆ ಅಪ್ಪಾ, ಎಂದು ಅದರರ್ಥ. ಸಿಟ್ಟು ತಡೆದಿಟ್ಟುಕೊಂಡಾಗ ಅವಳು ಸ್ವೀಡಿಷ್‌ಗೆ ಹೋಗುತ್ತಾಳೆ, ನಾನು ಧಾರವಾಡಕ್ಕೆ.

“ನಿನಗ ಆಫೀಸರ್ ಆಗೂದು ಬೇಕೋ ಬ್ಯಾಡೋ? ತಲಿ ಕೆಟ್ಟಾಕಿ ಕೈಯಾಗ ಯಾವನವಾ ಬಂದೂಕ ಕೊಡ್ತಾನ?”

ಆಡಿದ ಮಾತು, ಬಿಟ್ಟ ಬಾಣ. ಅವಳ ಮುಖ ಹೇಗಾಯಿತು ಎಂದು ನಾನು ಬರೆಯಲಾರೆ. ಬರೆದಿದ್ದನ್ನು ಅಳಿಸಿದಳು. “ಇಲ್ಲ” ಒತ್ತಿದಳು. ಮೊಬೈಲಿನಲ್ಲಿ ಸಹಿಯ ಬದಲಿನ ಗುಟ್ಟಿನ ನಂಬರ್ ಹೊಡೆದು, ಕಳಿಸಿ, ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋದಳು. ನಾನು ಗೆದ್ದವನ ಹಾಗೆ ಎರಡು ದೋಸೆ ಹೆಚ್ಚಿಗೆ ತಿಂದೆ.

ಕರೆ ಬಂತು. ಸ್ಟಾಕ್‌ಹೋಮಿನಲ್ಲಿ ಪರೀಕ್ಷೆ, ಬೆಳಿಗ್ಗೆಯಿಂದ ಸಂಜೆಯವರೆಗೆ. ನಾನು ಆಫೀಸಿಗೆ ರಜೆ ಹಾಕಿದೆ. ಫಿಕಾ ಹೊತ್ತಿನಲ್ಲಿ, ಎಲ್ಲರೂ ಕಾಫಿ ಬನ್ನು ಹಿಡಿದು ನಿಂತಿದ್ದಾಗ, ನಮ್ಮ ಮ್ಯಾನೇಜರ್ ಯಾಕೆ ರಜೆ ಎಂದು ಕೇಳಿದ. ಮಗಳ ಪರೀಕ್ಷೆ ಎಂದೆ. “ಅವಳಿಗೆ ಪರೀಕ್ಷೆ ಅಂದ್ರೆ ನಿನಗ್ಯಾಕೆ ರಜೆ?” ಎಂದು ಅವನು ನಿಜವಾಗಿಯೂ ಅರ್ಥವಾಗದೆ ಕೇಳಿದ. ಏನು ಹೇಳುವುದು ಇವರಿಗೆ? ನಮ್ಮಲ್ಲಿ ಪಿಯುಸಿ ಪರೀಕ್ಷೆ ನಡೆಯುವಾಗ ಒಳಗೆ ಇರುವಷ್ಟೇ ಜನ ಗೇಟಿನ ಹೊರಗೂ ಇರುತ್ತಾರೆ. ನಮ್ಮಮ್ಮ ನನ್ನ ಒಂದೊಂದು ಪೇಪರಿಗೂ ಗ್ಲೂಕೋಸ್ ನೀರಿನ ಬಾಟಲಿ ಹಿಡಿದು ಬೇವಿನ ಮರದ ಕೆಳಗೆ ನಿಂತಿದ್ದಳು. ಒಳಗೆ ಬರೆಯುತ್ತಿದ್ದವನಿಗೆ ಅದೊಂದು ಧೈರ್ಯ.

“ಅಪ್ಪಾ, ನೀನು ಬರೋದು ಬೇಡ. ಯಾರ ಅಪ್ಪನೂ ಬರಲ್ಲ,” ಎಂದಳು ಮಗಳು.

“ನಾನು ಒಳಗೆ ಬರಲ್ಲ. ಹೊರಗೆ ಇರ್ತೀನಿ.”

ಲೋಕಲ್ ರೈಲಿನಲ್ಲಿ ಇಬ್ಬರೂ ಹೋದೆವು. ನನ್ನ ಚೀಲದಲ್ಲಿ ಚಪಾತಿ, ಶೇಂಗಾ ಚಟ್ನಿ, ಮೊಸರನ್ನ, ಎರಡು ಫ್ಲಾಸ್ಕು. ಅವಳು ಇಳಿಯುವವರೆಗೂ ಕಿಟಕಿಯ ಕಡೆ ತಿರುಗಿಯೇ ಕೂತಿದ್ದಳು. ಮನಸ್ಸಿನಲ್ಲಿ ಉತ್ತರಗಳನ್ನು ಮೆಲುಕು ಹಾಕುತ್ತಿದ್ದಾಳೆ ಎಂದುಕೊಂಡೆ. ಕಟ್ಟಡದ ಬಾಗಿಲಲ್ಲಿ ಶುಭವಾಗಲೆಂದು ಚಮಚೆಯಷ್ಟು ಮೊಸರು ಸಕ್ಕರೆ ಬಾಯಿಗೆ ಹಾಕಲು ಹೋದರೆ ಸರ್ರನೆ ಒಳಗೆ ಓಡಿದಳು. ಆ ಚಮಚೆ ನಾನೇ ತಿಂದೆ.

ಮೈನಸ್ ಆರು ಡಿಗ್ರಿ. ಹುಡುಗ ಹುಡುಗಿಯರು ಒಬ್ಬೊಬ್ಬರೇ ಬಂದು ಒಳಗೆ ಹೋದರು. ಒಬ್ಬನ ಹಿಂದೆಯಾದರೂ ಒಬ್ಬ ಅಪ್ಪ? ಉಹೂಂ. ಇಡೀ ರಸ್ತೆಗೆ ನಾನೊಬ್ಬನೇ, ಫಳಫಳ ಹಳದಿ ಜಾಕೀಟಿನಲ್ಲಿ. ಒಂದು ಗಂಟೆಯ ಮೇಲೆ ಸ್ವಾಗತ ಮೇಜಿನ ಹೆಂಗಸು ಹೊರಗೆ ಬಂದಳು.

“ಏನಾದರೂ ಸಹಾಯ ಬೇಕಾ?”

“ಮಗಳಿಗೆ ಕಾಯ್ತಾ ಇದ್ದೀನಿ.”

“ಅವಳದು ಮುಗಿಯೋದು ನಾಲ್ಕು ಗಂಟೆಗೆ. ಈಗ ಹತ್ತು.”

“ಗೊತ್ತು.”

ಅವಳು ನನ್ನ ಚೀಲ ನೋಡಿದಳು, ಫ್ಲಾಸ್ಕು ನೋಡಿದಳು. “ಅವಳಿಗೆ ತುಂಬಾ ಭಯಾನಾ?” ಎಂದು ಮೆಲ್ಲಗೆ ಕೇಳಿದಳು. “ಇಲ್ಲ, ನನಗೆ,” ಎಂದೆ. ಆ ದಿನ ನಾನು ಆಡಿದ ಮೊದಲ ನಿಜ ಅದು. ಪಾಪ, ಒಳ್ಳೆಯ ಹೆಂಗಸು, ಮೂಲೆಯಲ್ಲಿ ಕಾಫಿ ಅಂಗಡಿ ಇದೆ, ಬೆಚ್ಚಗಿರುತ್ತದೆ ಎಂದು ದಾರಿ ತೋರಿಸಿದಳು. ನಾನು ಅಲ್ಲಾಡಲಿಲ್ಲ. ಸ್ವಲ್ಪ ಹೊತ್ತಿಗೆ ಮಗಳ ಮೆಸೇಜು ಬಂತು: “ಕಿಟಕಿಯಿಂದ ಎಲ್ಲರಿಗೂ ಕಾಣ್ತಿದೀಯಾ. ಪ್ಲೀಸ್ ಅಪ್ಪಾ.” ಎದುರಿಗೆ ಒಂದು ಬರ್ಚ್ ಮರವಿತ್ತು. ಅದರ ಹಿಂದೆ ನಿಂತೆ. ಮರ ನನಗಿಂತ ತೆಳ್ಳಗಿತ್ತು. ಎರಡೂ ಕಡೆ ಹಳದಿ ಕಾಣುತ್ತಿದ್ದಿರಬೇಕು.

ಅಲ್ಲಿ ನಿಂತಾಗ ನನಗೆ ಹೊಳೆಯಿತು. ಒಳಗೆ ಈಗ ಡಾಕ್ಟರು ಕೇಳುತ್ತಾರೆ, ಮನಶ್ಶಾಸ್ತ್ರಜ್ಞರು ಕೇಳುತ್ತಾರೆ. ಅವಳು ಬರೆದದ್ದನ್ನೇ ಹೇಳಿದರೆ ಸುಳ್ಳುಗಾರ್ತಿ. ನಿಜ ಹೇಳಿದರೂ, ಸುಳ್ಳು ಬರೆದಿದ್ದೆಯಲ್ಲ ಎಂದು ಹೊರಗೆ ಹಾಕುತ್ತಾರೆ. ಅವಳು ಕಂಡ ಕನಸಿಗೆ ಅಪ್ಪನಾದವನು ಎರಡೂ ಕಡೆಯಿಂದ ಬಾಗಿಲು ಹಾಕಿ ಬಂದಿದ್ದ. ಬಾಗಿಲವರೆಗೆ ಹೋದೆ, ತಪ್ಪು ನನ್ನದು ಎಂದು ಹೇಳಿಬಿಡಲು. ಏನೆಂದು ಹೇಳುವುದು? ಮಗಳ ಗುಟ್ಟನ್ನು ಅವಳನ್ನು ಕೇಳದೆ ನಾನೇ ಬಾಯಿಬಿಡುವುದೆ? ವಾಪಸ್ ಮರದ ಹಿಂದೆ ಬಂದು ನಿಂತೆ. ಮೊಸರನ್ನ ಹೆಪ್ಪುಗಟ್ಟಿತ್ತು.

ಅವಳು ಹೊರಗೆ ಬಂದದ್ದು ನಾಲ್ಕೂವರೆಗೆ. ಕತ್ತಲಾಗಿತ್ತು. “ನಡಿ, ಚಳಿ,” ಎಂದಳು. ರೈಲು ಹತ್ತಿ ಕೂತ ಮೇಲೆ ನಾನೇ ಕೇಳಿದೆ.

“ಏನಾಯ್ತು?”

“ಸೈಕಲ್ ಟೆಸ್ಟು, ಲಾಜಿಕ್ಕು, ಕಿವಿ, ಎಲ್ಲಾ ಚೆನ್ನಾಗಾಯ್ತು. ತೀರ್ಮಾನ ಇವತ್ತು ಕೊಡಲ್ಲ ಅಂದ್ರು.”

“ಯಾಕೆ?”

“ಫಾರ್ಮಲ್ಲಿ ಬರೆದಿರೋದ್ರಲ್ಲಿ ಏನಾದ್ರೂ ಬದಲಾಯಿಸ್ಬೇಕಾ ಅಂತ ಆ ಸೈಕಾಲಜಿಸ್ಟ್ ಕೇಳಿದ್ರು. ಹೌದು ಅಂದೆ. ಎಲ್ಲಾ ಹೇಳ್ದೆ. ಹಾಗಾದ್ರೆ ‘ಇಲ್ಲ’ ಅಂತ ಯಾಕೆ ಹಾಕಿದ್ದೆ ಅಂದ್ರು.”

“ಅಪ್ಪ ಹೇಳಿದ್ರು ಅಂದೆಯಾ?”

“ಇಲ್ಲ. ನಾಚಿಕೆ ಆಯ್ತು, ಅದಕ್ಕೆ ಹಾಕಿದೆ ಅಂದೆ.”

“ನನ್ನ ಹೆಸರು ಹೇಳಬೇಕಿತ್ತು.”

“ಒತ್ತಿದ್ದು ನಾನಲ್ವಾ.” ಚೀಲದೊಳಗೆ ಕೈ ಹಾಕಿ ಡಬ್ಬಿ ಹುಡುಕುತ್ತಾ ಹೇಳಿದಳು. “ಕೌನ್ಸೆಲರ್ ಹತ್ರ ಪೇಪರ್ ತರಿಸ್ಬೇಕಂತೆ. ಅದನ್ನ ನೋಡಿ ಹೇಳ್ತಾರಂತೆ.”

ನನ್ನ ಹತ್ತಿರ ಅವಳಿಗೆ ಕೊಡಲು ಏನೂ ಇರಲಿಲ್ಲ. ಇದ್ದದ್ದು ಒಂದು ಕನ್ನಡಕದ ಕಥೆ. ಹೆಂಡತಿಗೂ ಹೇಳದ ಅದನ್ನು ಆ ರೈಲಿನಲ್ಲಿ ಅವಳಿಗೆ ಹೇಳಿದೆ. ಊಟಕ್ಕೆ ಮುಂಚೆ ಮನೆಗೆ ಕಳಿಸಿದ್ದು, ಉಂಡಿ ಡಬ್ಬಿ, ಹುಬ್ಬಳ್ಳಿ, ನಂಬರಿಲ್ಲದ ಗಾಜು. ಅವಳು ಚಪಾತಿ ಬಾಯಲ್ಲಿಟ್ಟುಕೊಂಡು ನಕ್ಕ ನಗೆಗೆ ಎದುರಿಗೆ ಕೂತಿದ್ದ ಮುದುಕ ಪತ್ರಿಕೆ ಕೆಳಗಿಳಿಸಿ ನೋಡಿದ. ನಗು ನಿಂತ ಮೇಲೆ ಕೇಳಿದಳು.

“ನಾನು ಶಾಲೆಗೆ ಹೋಗ್ದೆ ಇದ್ದಾಗ ಧಾರವಾಡದ ಅತ್ತೆಗೆ ನೀನು ಏನಂತ ಹೇಳಿದ್ದೆ?”

“ಟೈಫಾಯ್ಡ್.”

“ಇನ್ನೂ ಹಾಗೇ ಅಂದ್ಕೊಂಡಿದಾರಾ?”

“ಹೂಂ.”

ಚಟ್ನಿ ಡಬ್ಬಿಯ ಮುಚ್ಚಳ ಹಾಕಿದಳು. “ನನ್ನ ಬಗ್ಗೆ ನಿಂಗೆ ನಾಚಿಕೆ ಇತ್ತಾ?”

ಇಲ್ಲ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಅಪ್ಪನ ಸೂತ್ರ, ಮೂವತ್ತು ವರ್ಷದ ಅಭ್ಯಾಸ, ತಾನೇ ತಾನಾಗಿ ಬರುತ್ತದೆ. ನುಂಗಿಕೊಂಡೆ.

“ಇತ್ತು,” ಎಂದೆ. “ಈಗ ನನ್ನ ಬಗ್ಗೇನೇ ನಾಚಿಕೆ ಆಗ್ತಿದೆ.”

ಅವಳು “ಓಕೆ” ಎಂದಳು. ನನ್ನ ಕಡೆ ನೋಡಲಿಲ್ಲ. ಆದರೆ ಡಬ್ಬಿಯಲ್ಲಿದ್ದ ಕೊನೆಯ ಚಪಾತಿಯನ್ನು ಹರಿದು ಅರ್ಧ ನನಗೆ ಕೊಟ್ಟಳು.

ಮನೆಯಲ್ಲಿ ಹೆಂಡತಿಗೆ ಎಲ್ಲ ಗೊತ್ತಾಯಿತು. ಅವಳು ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ದಾಗಿಸ್‌ನಲ್ಲಿ ಕಚ್ಚಿದ ಮಗುವಿಗೆ ಹೇಳುವ ದನಿಯಲ್ಲಿ, “ಅವಳ ಹತ್ರ ಸಾರಿ ಕೇಳಿದ್ರಾ?” ಎಂದಳು. ಕೇಳಿರಲಿಲ್ಲ. ಹೋಗಿ ಕೇಳಿದೆ. ಮುಂದಿನ ಮೂರು ವಾರ ಮೊಬೈಲ್ ಟಿಂಗ್ ಎಂದರೂ ನನ್ನ ಜೀವ ಹಾರುತ್ತಿತ್ತು. ಕಡೆಗೊಂದು ಶುಕ್ರವಾರ ಮಗಳು ಸಮವಸ್ತ್ರ ಬಂದೇಬಿಟ್ಟಿತೇನೋ ಎಂಬಂತೆ ನೆಟ್ಟಗೆ ನಡೆದು ಬಂದು ಫೋನನ್ನು ನನ್ನ ಮುಖದ ಮುಂದೆ ಹಿಡಿದಳು. ಆಯ್ಕೆಯಾಗಿದ್ದಳು. ಬೇಸಿಗೆಯಲ್ಲಿ ಹಾಜರಾಗಬೇಕು. ನಾನು ಅಡುಗೆಮನೆಯಲ್ಲೇ ಕೂತು ಅತ್ತುಬಿಟ್ಟೆ. ಕನ್ನಡಕ ತೆಗೆದು ಒರೆಸಿ ಮತ್ತೆ ಅತ್ತೆ.

ಭಾನುವಾರ ಎಂದಿನಂತೆ ಅಕ್ಕನಿಗೆ ವಿಡಿಯೋ ಕಾಲ್ ಮಾಡಿದೆ. ಸುದ್ದಿ ಹೇಳಿದೆ. ಅಕ್ಕ “ಭಾಳ ಛಲೋ ಆತು, ನನ ಬಂಗಾರ!” ಎಂದು ಕೂಗಿ ಅಕ್ಕಪಕ್ಕದವರನ್ನೆಲ್ಲ ಕರೆಯಲು ಹೊರಟಳು. ಮಗಳು ಸೋಫಾದ ಮೇಲಿಂದ ನನ್ನನ್ನೇ ನೋಡುತ್ತಿದ್ದಳು.

“ಅಕ್ಕಾ, ತಡಿ. ಒಂದ್ ಮಾತೈತಿ. ಆ ವರ್ಷ ಈಕಿಗೆ ಆಗಿದ್ದು ಟೈಫಾಯ್ಡ್ ಅಲ್ಲ.”

“ಗೊತ್ತೈತಿ ಬಿಡೋ,” ಎಂದಳು ಅಕ್ಕ. “ಟೈಫಾಯ್ಡಿಗೆ ಕೂದಲಾ ಉದರತಾವ. ಅದು ಬಂದ ಹುಡುಗಿ ತಲಿಮ್ಯಾಗ ಮೊಳ ಉದ್ದ ಜಡಿ ಹಂಗ ಇರ್ತೈತೇನು? ನಾವೇನು ಹುಚ್ಚರೇನೋ? ನೀ ಮುಚ್ಚಿಡಾಕತ್ತಿದ್ದಿ ಅಂತ ಸುಮ್ನಿದ್ವಿ. ಫೋನ್ ಆಕೀ ಕೈಯಾಗ ಕೊಡು.”

ಕೊಟ್ಟು, ಚಹಾಕ್ಕಿಡುವ ನೆವದಲ್ಲಿ ಒಲೆಯ ಹತ್ತಿರ ಹೋದೆ. ಅಕ್ಕ ಶಾಲೆ ಕಲಿತದ್ದು ಏಳನೇ ಇಯತ್ತೆವರೆಗೆ. ಒಂದು ಅರ್ಜಿಯನ್ನೂ ತಾನಾಗಿ ತುಂಬಿದವಳಲ್ಲ, ಎಲ್ಲ ನಾನೇ ತುಂಬಿಕೊಟ್ಟಿದ್ದು. ಅವಳು ಕೇಳಿದಳು, “ಏನಾಗಿತ್ತವಾ ನಿನಗ?”

ನನ್ನ ಮಗಳು ಆ ಚಳಿಗಾಲದ ಬಗ್ಗೆ ಕೌನ್ಸೆಲರ್ ಹತ್ತಿರ ಮಾತಾಡಿದ್ದೆಲ್ಲ ಸ್ವೀಡಿಷ್‌ನಲ್ಲಿ. ಈಗ ತಡವರಿಸುತ್ತಾ, ಶಬ್ದ ಹುಡುಕುತ್ತಾ, ಕನ್ನಡದಲ್ಲಿ ಹೇಳತೊಡಗಿದಳು. “ಬೆಳಗ್ಗೆ ಏಳೋಕೇ ಆಗ್ತಿರ್ಲಿಲ್ಲ ಅತ್ತೆ. ಎದೆ ಮೇಲೆ ಯಾರೋ ಕೂತಿರೋ ಹಾಗೆ. ಅಪ್ಪ ಬಾಗಿಲ ಹತ್ರ ಬಂದು ನಿಲ್ತಿದ್ರು, ಹೋಗ್ತಿದ್ರು. ಒಳಗೆ ಬಂದಿದ್ರೆ ಹೇಳ್ತಿದ್ದೆ.” ಅಕ್ಕ ಹೂಂಗುಡುತ್ತಿದ್ದಳು. ನಾನು ಒಲೆಯ ಮುಂದೆ ನಿಂತು ಒಂದೊಂದು ಮಾತನ್ನೂ ಕೇಳಿಸಿಕೊಂಡೆ. ಅಷ್ಟು ಅರ್ಜಿ ತುಂಬಿದವನಿಗೆ, ಅಷ್ಟು ಪ್ರಶ್ನೆ ಓದಿದವನಿಗೆ, ನಾಲ್ಕು ವರ್ಷದಲ್ಲಿ ಆ ಒಂದು ಪ್ರಶ್ನೆ ಕೇಳಬೇಕೆಂದು ತೋಚಿರಲಿಲ್ಲ.